ಪ್ಲೈವುಡ್ ಕೂಡ ರೇಸ್ ಗೆದ್ದಿತ್ತು: ಮಾರ್ಕೋಸ್ ಎಂಬ ಮರದ ಕಾರು

ಕಳೆದ ವರ್ಷ ನಮ್ಮ ಅಡುಗೆಮನೆಗೆ ಕಪಾಟು ಮಾಡಲು ಬಂದಿದ್ದ ಬಡಗಿ ಮೇಸ್ತ್ರಿಗೆ ಮೊಬೈಲಿನಲ್ಲಿ ಒಂದು ಕಾರಿನ ಚಿತ್ರ ತೋರಿಸಿದೆ. ನೆಲಕ್ಕೆ ಅಂಟಿಕೊಂಡಂಥ ಗಿಡ್ಡ ಕಾರು, ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಮೇಲಕ್ಕೆ ತೆರೆದ ಎರಡು ಬಾಗಿಲು. ‘ಇದನ್ನು ನಿಮ್ಮ ಕೈಯಲ್ಲಿರುವ ಸಾಮಾನಿನಿಂದಲೇ ಮಾಡಿದ್ದಾರೆ’ ಎಂದೆ. ಅವರು ಕೈಯಲ್ಲಿದ್ದ ಪ್ಲೈವುಡ್ ತುಂಡನ್ನು ಒಮ್ಮೆ ನೋಡಿದರು, ಚಿತ್ರವನ್ನು ಒಮ್ಮೆ ನೋಡಿದರು. ‘ಮಳೆ ಬಂದರೆ ಏನು ಗತಿ ಸಾರ್?’ ಎಂದರು.

1960ರ ದಶಕದಲ್ಲಿ ಇಂಗ್ಲೆಂಡಿನ ಗಿರಾಕಿಗಳ ಮನಸ್ಸಿನಲ್ಲಿದ್ದದ್ದೂ ಇದೇ ಅಳುಕು. ಆ ಕಾರು ರೇಸ್‌ಗಳನ್ನು ಗೆದ್ದು ತೋರಿಸಿದರೂ ಅಳುಕು ಹೋಗಲಿಲ್ಲ. ಕೊನೆಗೆ ಮರವನ್ನು ಸೋಲಿಸಿದವರಲ್ಲಿ ಎದುರಾಳಿ ಕಾರುಗಳಿಗಿಂತ ಈ ಅಳುಕಿನ ಪಾಲೇ ದೊಡ್ಡದು.

ಕಾರಿನ ಹೆಸರು ಮಾರ್ಕೋಸ್. ಇಬ್ಬರ ಉಪನಾಮಗಳ ಮೊದಲ ಭಾಗ ಕೂಡಿಸಿ ಮಾಡಿದ ಹೆಸರು ಅದು: ಜೆಮ್ ಮಾರ್ಷ್ ಮತ್ತು ಫ್ರಾಂಕ್ ಕಾಸ್ಟಿನ್. 1959ರಲ್ಲಿ ಉತ್ತರ ವೇಲ್ಸ್‌ನ ಡೊಲ್ಗೆತ್ಲಾಯ್ ಎಂಬ ಗುಡ್ಡಗಾಡಿನ ಊರಿನಲ್ಲಿ ಕೆಲಸ ಶುರುವಾಯಿತು. ಅಲ್ಲಿ ಹುಟ್ಟಿದ ಮೊದಲ ಮಾದರಿಯನ್ನು ಹಳೆಯ ಕಾರುಗಳ ಹುಚ್ಚಿರುವವರು ಇಂದಿಗೂ ‘ಝೈಲಾನ್’ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಮರ. ಆ ಕಾಲದ ರೇಸ್ ಪ್ರೇಕ್ಷಕರಿಗೆ ಗ್ರೀಕ್ ಬೇಕಾಗಿರಲಿಲ್ಲ. ಅವರು ಅದನ್ನು ‘ಕುರೂಪಿ ಬಾತುಮರಿ’ ಎಂದು ಕರೆದರು. ಚಿತ್ರ ನೋಡಿದರೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ಮುಂದಿನ ಗಾಜು ಒಂದೇ ತುಂಡಾಗಿರದೆ ನಾಲ್ಕು ಫಲಕಗಳಾಗಿ ಮುರಿದುಕೊಂಡಿದೆ. ಮೊದಲ ಕಾರಿನ ಮುಂಚಕ್ರಗಳ ಮೇಲೆ ಮೋಟರ್‌ಸೈಕಲ್ಲಿಗೆ ಇರುವಂಥ ಬಿಡಿ ಮಡ್‌ಗಾರ್ಡ್. ಚಂದ ಕಾಣಬೇಕೆಂಬ ಆಸೆ ಅದರ ಯಾವ ಮೂಲೆಯಲ್ಲೂ ಇಲ್ಲ. ಈ ಮೊದಲ ಮಾದರಿಯಲ್ಲಿ ತಯಾರಾದ ಕಾರುಗಳು ಹತ್ತರ ಒಳಗೆ. ಸಿಗುವುದು ದುರ್ಲಭ ಎನ್ನುವುದಕ್ಕೆ ಬೇರೆ ಕಾರಣ ಬೇಡ.

ಇಂಥ ಕಾರೊಂದು ಹುಟ್ಟಬೇಕಾದರೆ ಅದಕ್ಕೊಂದು ಕೇರಿ ಬೇಕು. ಆ ಕೇರಿಯೇ ಬ್ರಿಟನ್ನಿನ ಕ್ಲಬ್ ರೇಸಿಂಗ್, ಅಂದರೆ ಹವ್ಯಾಸಿಗಳ ರೇಸು.

ಎರಡನೆಯ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿನ ತುಂಬ ಕೆಲಸವಿಲ್ಲದ ವಾಯುನೆಲೆಗಳು ಬಿದ್ದಿದ್ದವು. ಬಾಂಬರ್ ವಿಮಾನಗಳು ಹೋದವು. ಕಾಂಕ್ರೀಟ್ ಓಡುದಾರಿ, ಅದನ್ನು ಸುತ್ತುವರಿದ ಟಾರು ರಸ್ತೆ ಉಳಿದವು. ಸಿಲ್ವರ್‌ಸ್ಟೋನ್ ಮತ್ತು ಗುಡ್‌ವುಡ್‌ನಲ್ಲಿ 1948ರಲ್ಲಿ ರೇಸ್ ಆರಂಭವಾದದ್ದು ಇಂಥ ರಸ್ತೆಗಳ ಮೇಲೆಯೇ. ಸ್ನೆಟರ್ಟನ್, ಕ್ಯಾಸಲ್ ಕೂಂಬ್, ಥ್ರಕ್ಸ್‌ಟನ್ ಎಲ್ಲವೂ ಹಳೆಯ ವಾಯುನೆಲೆಗಳೇ. (ನಮ್ಮಲ್ಲೂ ಮದರಾಸಿನ ಹೊರಗಿನ ಶೋಳಾವರಂ ರೇಸ್ ನಡೆಯುತ್ತಿದ್ದದ್ದು ಯುದ್ಧಕಾಲದ ಓಡುದಾರಿಯ ಮೇಲೆ. ಕಾಂಕ್ರೀಟು ಪುಕ್ಕಟೆ ಸಿಕ್ಕರೆ ಜನ ಎಲ್ಲಿದ್ದರೂ ಒಂದೇ ರೀತಿ ಯೋಚಿಸುತ್ತಾರೆ.) ರಸ್ತೆ ಸಿಕ್ಕಿತು, ಕೈಯಲ್ಲಿ ಕಾಸಿಲ್ಲ. ಆಗ ಎಲ್ಲರ ಕಣ್ಣು ಬಿದ್ದದ್ದು ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿನ ಮೇಲೆ. 1922ರಿಂದ 1939ರವರೆಗೆ ಲಕ್ಷಗಟ್ಟಲೆ ತಯಾರಾಗಿದ್ದ, 747 ಸಿಸಿ ಎಂಜಿನ್ನಿನ ಈ ಕಾರು ಗುಜರಿಗಳಲ್ಲಿ ಧಾರಾಳವಾಗಿ ಸಿಗುತ್ತಿತ್ತು. ಅದರ ಬಾಡಿ ಕಿತ್ತೆಸೆದು, ಹಗುರ ತಗಡು ಹೊದಿಸಿ, ಭಾನುವಾರ ರೇಸಿಗೆ ಹೋಗುವುದು ಒಂದು ಪಂಥವೇ ಆಯಿತು. 1939ರಲ್ಲೇ ಹುಟ್ಟಿದ್ದ 750 ಮೋಟರ್ ಕ್ಲಬ್ ಈ ಪಂಥದ ಮಠ. ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್ಮನ್ ಕೂಡ 1948ರಲ್ಲಿ ತಮ್ಮ ಮೊದಲ ಕಾರು ಮಾಡಿದ್ದು ಹಳೆಯ ಆಸ್ಟಿನ್ ಸೆವೆನ್ ಒಂದರಿಂದ.

ಇನ್ನೊಂದು ಕಾರಣವೂ ಇತ್ತು, ತೆರಿಗೆಯದು. ಅಂಗಡಿಯಿಂದ ಪೂರ್ತಿ ಕಾರು ಕೊಂಡರೆ ಸರ್ಕಾರಕ್ಕೆ ಭಾರೀ ಖರೀದಿ ತೆರಿಗೆ ಕಟ್ಟಬೇಕು. ಅದನ್ನೇ ಬಿಡಿಭಾಗಗಳಾಗಿ ತಂದು ಮನೆಯ ಶೆಡ್ಡಿನಲ್ಲಿ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ. ಹಾಗಾಗಿ ‘ಕಿಟ್’ ಮಾರುವ ಚಿಕ್ಕಪುಟ್ಟ ಕಂಪನಿಗಳು ಅಣಬೆಗಳಂತೆ ಎದ್ದವು. 1973ರಲ್ಲಿ ಬ್ರಿಟನ್ ವ್ಯಾಟ್ ಪದ್ಧತಿಗೆ ಬದಲಾಗಿ ಈ ಸೌಲಭ್ಯ ಹೋದಾಗ ಅವುಗಳಲ್ಲಿ ಎಷ್ಟೋ ಬಾಡಿದವು.

ಜೆಮ್ ಮಾರ್ಷ್ ಈ ಕೇರಿಯ ಮನುಷ್ಯ. ಲೂಟನ್ನಿನಲ್ಲಿ ‘ಸ್ಪೀಡೆಕ್ಸ್’ ಎಂಬ ಹೆಸರಿನಲ್ಲಿ ಆಸ್ಟಿನ್ ಸೆವೆನ್ನಿಗೆ ಬೇಕಾದ ರೇಸ್ ಭಾಗಗಳನ್ನು ಮಾರುತ್ತಿದ್ದರು. ಗಿರಾಕಿಯ ನಾಡಿ ಬಲ್ಲವರು, ಸ್ವತಃ ರೇಸ್ ಓಡಿಸುವವರು, ಆರಡಿ ಮೀರಿದ ಎತ್ತರ. ಫ್ರಾಂಕ್ ಕಾಸ್ಟಿನ್ ಬೇರೆಯದೇ ಜಾತಿಯ ಮನುಷ್ಯ. ಡಿ ಹ್ಯಾವಿಲೆಂಡ್ ವಿಮಾನ ಕಂಪನಿಯಲ್ಲಿ ಗಾಳಿಯ ಹರಿವಿನ ಲೆಕ್ಕ ನೋಡುತ್ತಿದ್ದ ಎಂಜಿನಿಯರ್. ಅವರ ತಮ್ಮ ಮೈಕ್ ಕಾಸ್ಟಿನ್ ಚಾಪ್ಮನ್ ಜೊತೆ ಲೋಟಸ್‌ನಲ್ಲಿದ್ದರು. ಮುಂದೆ ಕೀತ್ ಡಕ್‌ವರ್ತ್ ಜೊತೆ ಸೇರಿ ಕಟ್ಟಿದ ಎಂಜಿನ್ ಕಂಪನಿಯೇ ಕಾಸ್‌ವರ್ತ್. ತಮ್ಮನ ದೆಸೆಯಿಂದ ಅಣ್ಣನಿಗೆ ಕಾರುಗಳ ನಂಟು ಬೆಳೆಯಿತು. ಲೋಟಸ್ ಎಂಟು, ಒಂಬತ್ತು, ಹನ್ನೊಂದು ಎಂಬ ಮಾದರಿಗಳ ನುಣುಪು ಮೈಗಳು ಫ್ರಾಂಕ್ ಕೈಚಳಕ. 1958ರಲ್ಲಿ ಫಾರ್ಮುಲಾ ಒನ್‌ನ ಮೊತ್ತಮೊದಲ ತಯಾರಕರ ಚಾಂಪಿಯನ್‌ಷಿಪ್ ಗೆದ್ದ ವ್ಯಾನ್‌ವಾಲ್ ಕಾರಿನ ಮೈಯನ್ನೂ ರೂಪಿಸಿದವರು ಅವರೇ.

ಒಬ್ಬರಿಗೆ ಮಾರುವುದು ಗೊತ್ತು, ಇನ್ನೊಬ್ಬರಿಗೆ ಗಾಳಿ ಗೊತ್ತು. ಮರ ಎಲ್ಲಿಂದ ಬಂತು?

ಅದು ಬಂದದ್ದು ವಿಮಾನದಿಂದ. ಡಿ ಹ್ಯಾವಿಲೆಂಡ್ ಕಂಪನಿಯ ಮಾಸ್ಕಿಟೊ ವಿಮಾನ ಮೊದಲು ಹಾರಿದ್ದು 1940ರ ನವೆಂಬರಿನಲ್ಲಿ. ಯುದ್ಧಕಾಲದಲ್ಲಿ ಅಲ್ಯೂಮಿನಿಯಂ ದುಬಾರಿ. ಮರಗೆಲಸದವರು ಮಾತ್ರ ಪೀಠೋಪಕರಣ ಕಾರ್ಖಾನೆಗಳಲ್ಲಿ ಬೇಕಾದಷ್ಟಿದ್ದರು. ಬರ್ಚ್ ಎಂಬ ಮರದ ತೆಳು ಪ್ಲೈವುಡ್ಡಿನ ಎರಡು ಹಾಳೆಗಳ ನಡುವೆ ಬಾಲ್ಸಾ ಎಂಬ ಬೆಂಡಿನಷ್ಟು ಹಗುರ ಮರವನ್ನು ತುಂಬಿ, ಅಂಟಿಸಿ, ವಿಮಾನದ ಇಡೀ ಒಡಲನ್ನು ಎರಡು ಹೋಳುಗಳಾಗಿ ಮಾಡಿ ಕೂಡಿಸುತ್ತಿದ್ದರು, ಕಡಲೆಕಾಯಿಯ ಸಿಪ್ಪೆ ಕೂಡಿಸಿದಂತೆ. ಹೀಗೆ ಏಳು ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾದವು. ತಮ್ಮ ಕಾಲದ ಅತಿ ವೇಗದ ವಿಮಾನಗಳ ಸಾಲಿನಲ್ಲಿ ನಿಂತವು. ಅಂಥ ಕಂಪನಿಯ ಎಂಜಿನಿಯರನಿಗೆ ‘ಮರ ಅಂದರೆ ಕುರ್ಚಿ ಮೇಜಿಗೆ’ ಎಂಬ ಮುಜುಗರ ಇರಲು ಸಾಧ್ಯವಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಮರ ಉಕ್ಕಿಗಿಂತ ದುರ್ಬಲ ಎಂದು ನಮಗೆ ಗೊತ್ತು. ಹಾಗಿದ್ದೂ ಅಷ್ಟೇ ತೂಕದಲ್ಲಿ ಮರದ ಕಾರು ಉಕ್ಕಿನ ಕಾರಿಗಿಂತ ಗಟ್ಟಿ ಆಗುವುದು ಹೇಗೆ? ಗುಟ್ಟಿರುವುದು ‘ಅಷ್ಟೇ ತೂಕದಲ್ಲಿ’ ಎಂಬ ಪದದಲ್ಲಿ.

ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ತೆಗೆದುಕೊಳ್ಳಿ. ಉಕ್ಕು ನೀರಿಗಿಂತ ಸುಮಾರು 7.85 ಪಟ್ಟು ಭಾರ. ಒಳ್ಳೆಯ ಬರ್ಚ್ ಪ್ಲೈವುಡ್ ನೀರಿಗಿಂತಲೂ ಹಗುರ, ಸುಮಾರು 0.7ರಷ್ಟು. ಅಂದರೆ ಅಷ್ಟೇ ಉದ್ದಗಲ, ಅಷ್ಟೇ ತೂಕದ ಪ್ಲೈವುಡ್ ಹಲಗೆ ಸುಮಾರು 11 ಮಿಲಿಮೀಟರ್ ದಪ್ಪ ಇರುತ್ತದೆ. ಬಿಗಿತದಲ್ಲಿ ಉಕ್ಕು ಮರಕ್ಕಿಂತ ಸುಮಾರು 20 ಪಟ್ಟು ಮೇಲು. ಇದು ಉಕ್ಕಿಗೆ ಸಲ್ಲಬೇಕಾದ ಅಂಕ. ಆದರೆ ಹಲಗೆಯೊಂದು ಬಾಗದೆ ನಿಲ್ಲುವ ಶಕ್ತಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಾಗುವುದು ಎಂಟು ಪಟ್ಟು ಕಷ್ಟ. ದಪ್ಪ 11 ಪಟ್ಟಾದರೆ 1,331 ಪಟ್ಟು ಕಷ್ಟ. ಉಕ್ಕಿನ 20 ಪಟ್ಟು ಹೆಚ್ಚುಗಾರಿಕೆಯಿಂದ ಇದನ್ನು ಭಾಗಿಸಿದರೂ ಅರವತ್ತಾರು ಪಟ್ಟು ಉಳಿಯಿತು. ಒಂದೇ ತೂಕದ ಎರಡು ಹಾಳೆಗಳಲ್ಲಿ ಮರದ ಹಾಳೆ ಅಷ್ಟು ಸುಲಭಕ್ಕೆ ಬಾಗುವುದಿಲ್ಲ. ನಂಬಿಕೆ ಬರದಿದ್ದರೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ನೋಡಿ: ತಗಡಿನ ಹಾಳೆಯ ಒಂದು ಅಂಚು ಹಿಡಿದೆತ್ತಿದರೆ ಇನ್ನೊಂದು ಅಂಚು ‘ಢಬ್’ ಎಂದು ಸದ್ದು ಮಾಡುತ್ತ ಜೋಲುತ್ತದೆ, ಪ್ಲೈವುಡ್ ಹಲಗೆ ನೆಟ್ಟಗೆ ನಿಲ್ಲುತ್ತದೆ.

ಇದರಲ್ಲಿ ಒಂದು ಷರತ್ತಿದೆ, ಅದನ್ನು ಮುಚ್ಚಿಡಬಾರದು. ಈ ಮೇಲುಗೈ ಹಲಗೆ ಬಾಗುವಾಗ ಮಾತ್ರ. ಸರಳನ್ನು ಎರಡೂ ಕಡೆಯಿಂದ ಎಳೆದು ನೋಡುವ ಪರೀಕ್ಷೆಯಲ್ಲಿ ಅಷ್ಟೇ ತೂಕದ ಮರ ಉಕ್ಕಿನ ಮುಂದೆ ಹೀಗೆ ಮೆರೆಯುವುದಿಲ್ಲ. ಹಾಗಾಗಿ ಉಕ್ಕಿನ ಕೊಳವೆಗಳಿಂದ ಪಂಜರ ಕಟ್ಟುವ ರೀತಿಯನ್ನೇ ಮರದ ರೀಪುಗಳಿಂದ ಅನುಕರಿಸಿದರೆ ಲಾಭವಿಲ್ಲ. ಮರವನ್ನು ಹಲಗೆಯಾಗಿ, ಹಲಗೆಗಳನ್ನು ಪೆಟ್ಟಿಗೆಯಾಗಿ ಬಳಸಬೇಕು. ಕಾಸ್ಟಿನ್ ಮಾಡಿದ್ದು ಅದನ್ನೇ.

ಮಿಠಾಯಿ ಅಂಗಡಿಯವರು ಕೊಡುವ ರಟ್ಟಿನ ಡಬ್ಬಿ ಮನೆಯಲ್ಲಿ ಇದ್ದರೆ ಮುಚ್ಚಳ ತೆಗೆದು, ಎರಡು ತುದಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ. ಸುಲಭವಾಗಿ ತಿರುಚಿಕೊಳ್ಳುತ್ತದೆ. ಮುಚ್ಚಳ ಹಾಕಿ ಸುತ್ತಲೂ ಟೇಪ್ ಅಂಟಿಸಿ ಮತ್ತೆ ತಿರುಚಿ. ಕೈ ಸೋಲುತ್ತದೆ. ರಟ್ಟು ಅದೇ, ತೂಕ ಅದೇ. ನಾಲ್ಕೂ ಬದಿ ಮುಚ್ಚಿಕೊಂಡ ಪೆಟ್ಟಿಗೆಗೆ ತಿರುಚುವಿಕೆಯನ್ನು ತಡೆಯುವ ಗುಣ ಬಂದುಬಿಡುತ್ತದೆ. ಮಾರ್ಕೋಸ್ ಒಡಲಿನ ಎರಡೂ ಬದಿಗೆ ಉದ್ದಕ್ಕೆ ಪ್ಲೈವುಡ್ಡಿನ ಇಂಥ ಆಳವಾದ ಮುಚ್ಚಿದ ಪೆಟ್ಟಿಗೆಗಳಿವೆ. ಅವುಗಳನ್ನು ಅಡ್ಡಹಲಗೆಗಳು ಬೆಸೆಯುತ್ತವೆ. ನೆಲ, ಛಾವಣಿ, ಹಿಂದಿನ ಗೋಡೆ ಎಲ್ಲವೂ ಭಾರ ಹೊರುವುದರಲ್ಲಿ ಪಾಲುದಾರರು. ಷಾಸಿ (ಭಾರ ಹೊರುವ ಅಡಿ ಚೌಕಟ್ಟು) ಬೇರೆ, ಬಾಡಿ ಬೇರೆ ಎಂಬ ಲಾರಿಯ ಲೆಕ್ಕ ಇಲ್ಲಿಲ್ಲ.

ಬಾಗಿಲು ಮೇಲಕ್ಕೆ ತೆರೆಯುವುದೂ ಶೋಕಿಗಲ್ಲ. ಬದಿಯ ಪೆಟ್ಟಿಗೆ ಎಷ್ಟು ಎತ್ತರವೋ ಕಾರು ಅಷ್ಟು ಬಿಗಿ. ಆದರೆ ಹೊಸ್ತಿಲೂ ಅಷ್ಟೇ ಎತ್ತರವಾಗುತ್ತದೆ. ಮಲೆನಾಡಿನ ಹಳೆಯ ಮನೆಗಳ ಹೊಸ್ತಿಲು ದಾಟುವಂತೆ ಕಾಲೆತ್ತಿ ದಾಟಬೇಕು, ಅದೂ ಸೊಂಟದ ಮಟ್ಟಕ್ಕೆ ಬರುವ ಕಾರಿನೊಳಗೆ. ಮಾಮೂಲಿ ಬಾಗಿಲಿಟ್ಟರೆ ಮೈ ತೂರಿಸಲು ಉಳಿಯುವ ಜಾಗ ಅಂಚೆಡಬ್ಬಿಯ ಸೀಳಿನಷ್ಟು. ಛಾವಣಿಯ ಒಂದು ಭಾಗವೂ ಬಾಗಿಲ ಜೊತೆಗೇ ಮೇಲೆದ್ದರೆ ಮಾತ್ರ ಮನುಷ್ಯ ಒಳಗಿಳಿಯಬಹುದು.

ರೇಸ್ ಕಾರಿಗೆ ಇಷ್ಟೊಂದು ಬಿಗಿತ ಯಾಕೆ ಎಂದು ಕೇಳಬಹುದು. ತಿರುವಿನಲ್ಲಿ ಕಾರನ್ನು ಹಿಡಿದಿಡುವುದು ಚಕ್ರಗಳು, ಚಕ್ರಗಳನ್ನು ನೆಲಕ್ಕೆ ಒತ್ತಿಹಿಡಿಯುವುದು ಸ್ಪ್ರಿಂಗ್ ಮತ್ತು ಅದರ ಕುಲುಕಾಟ ತಡೆಯುವ ಡ್ಯಾಂಪರ್. ಒಡಲೇ ತಿರುಚಿಕೊಂಡರೆ ಅದೂ ಒಂದು ಸ್ಪ್ರಿಂಗ್ ಆಯಿತು, ಯಾರೂ ಲೆಕ್ಕ ಹಾಕದ, ಹದ ಮಾಡಲು ಬಾರದ ಸ್ಪ್ರಿಂಗ್. ಮೆಕ್ಯಾನಿಕ್ ಮುಂದಿನ ಸ್ಪ್ರಿಂಗನ್ನು ಎಷ್ಟು ಹದ ಮಾಡಿದರೂ ಓಡಿಸುವವನ ಕೈಗೆ ಕಾರು ಸಡಿಲ ಮಂಚದಂತೆ ಅನ್ನಿಸುತ್ತದೆ. ಅದರ ಮೇಲೆ ಕ್ಲಬ್ ರೇಸಿಂಗಿನ ಬಡತನ. ದೊಡ್ಡ ಎಂಜಿನ್ನಿಗೆ ದುಡ್ಡಿಲ್ಲ. ಝೈಲಾನಿನಲ್ಲಿ ಇದ್ದದ್ದು ಮನೆಮಂದಿ ಓಡಾಡುವ ಫೋರ್ಡ್ ಕಾರಿನ ಪುಟ್ಟ ಎಂಜಿನ್. ಮುಂಚಕ್ರಗಳನ್ನು ಒಡಲಿಗೆ ಜೋಡಿಸುವ ಸಸ್ಪೆನ್ಷನ್ ಟ್ರಯಂಫ್ ಹೆರಾಲ್ಡ್ ಎಂಬ ಕಾರಿನದು. ಇದೇ ಹೆರಾಲ್ಡ್ ನಮ್ಮಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿ ಬೆಂಗಳೂರಿನ ರಸ್ತೆಗಳಲ್ಲೂ ಓಡಾಡಿತ್ತು. ಅಂಗಡಿಯಲ್ಲಿ ಸಿಗುವ ಈ ಸಾಧಾರಣ ಸಾಮಾನಿನಿಂದ ವೇಗ ಹುಟ್ಟಬೇಕಾದರೆ ಎರಡೇ ದಾರಿ: ತೂಕ ಇಳಿಸು, ಗಾಳಿಯನ್ನು ಸೀಳು. ಮೊದಲನೆಯದನ್ನು ಪ್ಲೈವುಡ್ ನೋಡಿಕೊಂಡಿತು, ಎರಡನೆಯದನ್ನು ಕಾಸ್ಟಿನ್ ನೋಡಿಕೊಂಡರು.

ಪ್ಲೈವುಡ್ ಎಂದರೆ ಬರೀ ಹಲಗೆಯಲ್ಲ ಎನ್ನುವುದನ್ನು ನಮ್ಮ ಮೇಸ್ತ್ರಿ ನನಗಿಂತ ಚೆನ್ನಾಗಿ ವಿವರಿಸಿದರು. ಒಂದು ಚೂರನ್ನು ನನ್ನ ಕಣ್ಣಿನ ಬಳಿ ಹಿಡಿದು ಅದರ ಅಂಚು ತೋರಿಸಿದರು: ಒಂದು ಗೆರೆ ಕಪ್ಪು, ಒಂದು ಗೆರೆ ಬಿಳಿ, ಮತ್ತೆ ಕಪ್ಪು. ಮರವನ್ನು ಉದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಮುರಿಯುವುದು ಕಷ್ಟ. ಮರದ ಎಳೆಗಳ ಗುಣ ಅದು. ತೆಳು ಹಾಳೆಗಳಾಗಿ ಸುಲಿದು, ಒಂದರ ಎಳೆ ಉದ್ದಕ್ಕೆ, ಅದರ ಮೇಲಿನದ್ದು ಅಡ್ಡಕ್ಕೆ, ಹೀಗೆ ಪದರ ಪದರವಾಗಿ ಅಂಟಿಸಿದರೆ ಎರಡೂ ದಿಕ್ಕಿಗೆ ಗಟ್ಟಿ. ಮಾಸ್ಕಿಟೊದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಿರುಚುವ ಬಲ ಬೀಳುವ ಕಡೆ ಎಳೆಗಳನ್ನು ಓರೆಯಾಗಿ ಕೂರಿಸುತ್ತಿದ್ದರು. ಬಲ ಎತ್ತ ಹರಿಯುತ್ತದೋ ಎಳೆಯನ್ನು ಅತ್ತ ಇಡುವುದು. ಇದೇ ವಿದ್ಯೆಯನ್ನು ಇಂದು ಕಾರ್ಬನ್ ಫೈಬರ್ ಎಂಬ ಹೆಸರಿನಲ್ಲಿ ಕೋಟಿಗಟ್ಟಲೆ ಬೆಲೆಗೆ ಮಾರುತ್ತಾರೆ. 1981ರಲ್ಲಿ ಮೆಕ್ಲಾರೆನ್ ತಂಡ ಫಾರ್ಮುಲಾ ಒನ್‌ಗೆ ಕಾರ್ಬನ್ ಒಡಲಿನ ಕಾರು ತಂದಾಗ ಜಗತ್ತು ಬೆರಗಾಯಿತು. ಎಳೆ, ರಾಳ, ಪದರ, ದಿಕ್ಕು: ಇವಿಷ್ಟರಲ್ಲಿ ಎಳೆಯೊಂದನ್ನು ಬಿಟ್ಟರೆ ಉಳಿದದ್ದು ಇಪ್ಪತ್ತು ವರ್ಷ ಮೊದಲೇ ಮಾರ್ಕೋಸ್ ಶೆಡ್ಡಿನಲ್ಲಿತ್ತು.

ಮರದ ಕಾರಿನ ನಿಜವಾದ ಹಣೆಬರಹ ಇರುವುದು ಅಂಟಿನಲ್ಲಿ. ಮಾಸ್ಕಿಟೊದ ಆರಂಭದಲ್ಲಿ ಹಾಲಿನಿಂದ ತೆಗೆದ ಕೇಸಿನ್ ಅಂಟು ಬಳಸುತ್ತಿದ್ದರು. ಅದು ತೇವಕ್ಕೆ ಹೆದರುತ್ತದೆ, ಬೂಸ್ಟು ಹಿಡಿಯುತ್ತದೆ. ಆಮೇಲೆ ಫಾರ್ಮಾಲ್ಡಿಹೈಡ್ ರಾಳದ ಕೃತಕ ಅಂಟುಗಳು ಬಂದವು. 1944ರ ಕೊನೆಯಲ್ಲಿ ಭಾರತದಲ್ಲಿ ಮಾಸ್ಕಿಟೊ ವಿಮಾನಗಳು ಹಾರುತ್ತಲೇ ಒಡೆದು ಬಿದ್ದಾಗ ಬ್ರಿಟಿಷರು ಮೊದಲು ಅನುಮಾನಿಸಿದ್ದು ನಮ್ಮ ಬಿಸಿಲು ಮಳೆಗಳನ್ನು. ಆದರೆ ತಪಾಸಣೆ ನಡೆದಂತೆ ಕಾರ್ಖಾನೆಯಲ್ಲೇ ರೆಕ್ಕೆಯ ತುಂಡುಗಳು ಒಂದಕ್ಕೊಂದು ಸರಿಯಾಗಿ ಕೂರದೆ ಅಂಟು ಹಿಡಿಯದ ಜೋಡಣೆಗಳೂ ಬೆಳಕಿಗೆ ಬಂದವು. ಅಂಟಿಸುವ ಎರಡು ಮೈಗಳ ನಡುವೆ ಸಂದು ಉಳಿದರೆ ಎಂಥ ಅಂಟೂ ವ್ಯರ್ಥ ಎನ್ನುವುದು ವಿಮಾನದವರು ಜೀವ ಕೊಟ್ಟು ಕಲಿತ ಪಾಠ. ಮಾರ್ಕೋಸ್ ಕೈಗೆ ಬರುವ ಹೊತ್ತಿಗೆ ಅಂಟು ಪಳಗಿತ್ತು.

ಮರದ ತುದಿಗೆ ತುದಿ ಸುಮ್ಮನೆ ತಾಗಿಸಿ ಅಂಟಿಸಿದರೆ ನಿಲ್ಲುವುದಿಲ್ಲ. ಎರಡೂ ತುದಿಗಳನ್ನು ಓರೆಯಾಗಿ ಕೀಸಿ, ಒಂದರ ಮೇಲೆ ಒಂದು ಮಲಗಿಸಿ ಅಂಟಿಸಬೇಕು. ಒಂದು ಅಂಗುಲ ದಪ್ಪಕ್ಕೆ ಎಂಟರಿಂದ ಹನ್ನೆರಡು ಅಂಗುಲ ಉದ್ದದ ಓರೆ. ಅಂಟಿಗೆ ಹಿಡಿಯಲು ಅಗಲ ಜಾಗ ಸಿಗುತ್ತದೆ, ಬಲ ಒಂದು ತುಂಡಿನಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತದೆ. ನಮ್ಮ ಮೇಸ್ತ್ರಿ ಎರಡು ರೀಪು ತೆಗೆದುಕೊಂಡು ಕೀಸುಳಿಯಲ್ಲಿ ಹತ್ತು ನಿಮಿಷಕ್ಕೆ ಇದನ್ನು ಮಾಡಿ ತೋರಿಸಿದರು. ಮಾರನೆಯ ದಿನ ಮೊಣಕಾಲಿಗೆ ಒತ್ತಿ ಮುರಿದಾಗ ಅದು ಜೋಡಣೆಯಲ್ಲಿ ಬಿಡಲಿಲ್ಲ. ಪಕ್ಕದಲ್ಲಿ, ಗಟ್ಟಿ ಮರದಲ್ಲೇ ಮುರಿಯಿತು.

ರೇಸ್ ಟ್ರ್ಯಾಕಿನ ಮೇಲೆ ಬಾತುಮರಿ ಎಲ್ಲರ ಬಾಯಿ ಮುಚ್ಚಿಸಿತು. 1960ರಲ್ಲಿ ಬಿಲ್ ಮಾಸ್ (ಪ್ರಸಿದ್ಧ ಸ್ಟರ್ಲಿಂಗ್ ಮಾಸ್ ಅಲ್ಲ) ಅದನ್ನು ಓಡಿಸಿ ಸಾಲುಸಾಲಾಗಿ ಗೆದ್ದರು. ಮರುವರ್ಷ ಸ್ಕಾಟ್ಲೆಂಡಿನಲ್ಲಿ ಡಂಬಾರ್ಟನ್ ಬಳಿಯ ಕುಟುಂಬದ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ ಯುವಕನೊಬ್ಬನಿಗೆ ಅಲ್ಲಿನ ಗಿರಾಕಿಯೊಬ್ಬರು ತಮ್ಮ ಮಾರ್ಕೋಸ್ ಓಡಿಸಲು ಕೊಟ್ಟರು. ಯುವಕನ ಅಣ್ಣ ರೇಸಿನಲ್ಲಿ ಪೆಟ್ಟು ತಿಂದವನು. ತಾಯಿಗೆ ರೇಸಿನ ಹೆಸರು ಕೇಳಿದರಾಗದು. ಅದಕ್ಕೇ ಹುಡುಗ ಆರಂಭದ ದಿನಗಳಲ್ಲಿ ‘ಎ. ಎನ್. ಅದರ್’, ಅಂದರೆ ‘ಮತ್ತೊಬ್ಬ’ ಎಂದು ಹೆಸರು ಕೊಟ್ಟು ಓಡುತ್ತಿದ್ದ. ಮರದ ಕಾರಿನಲ್ಲಿ 1961ರಲ್ಲಿ ನಾಲ್ಕು ರೇಸ್ ಗೆದ್ದ. ಆ ‘ಮತ್ತೊಬ್ಬ’ನೇ ಜಾಕಿ ಸ್ಟೀವರ್ಟ್. 1969, 1971, 1973ರಲ್ಲಿ ವಿಶ್ವ ಚಾಂಪಿಯನ್ ಆದವರು.

ಮಾರ್ಷ್ ಮತ್ತು ಕಾಸ್ಟಿನ್ ಜೋಡಿ ಹೆಚ್ಚು ದಿನ ಉಳಿಯಲಿಲ್ಲ. ಕಾಸ್ಟಿನ್ 1961ರಲ್ಲಿ ಹೊರಟರು. ಕಂಪನಿಯ ಹೆಸರಿನಲ್ಲಿ ಅವರ ಅರ್ಧ ಮಾತ್ರ ಉಳಿಯಿತು. ಜಾಗ ತುಂಬಿದವರು ಡೆನಿಸ್ ಮತ್ತು ಪೀಟರ್ ಆಡಮ್ಸ್ ಎಂಬ ಸೋದರರು. ಇವರಿಗೆ ಗಾಳಿಯ ಲೆಕ್ಕದ ಜೊತೆ ಕಣ್ಣಿನ ಹಸಿವೂ ಗೊತ್ತಿತ್ತು. ಬಾತುಮರಿಯ ಮೂಲೆಗಳನ್ನು ಒಂದೊಂದಾಗಿ ಉಜ್ಜುತ್ತ ಹೋದರು. ಕಂಪನಿ ವಿಲ್ಟ್‌ಷೈರ್‌ನ ಬ್ರಾಡ್‌ಫರ್ಡ್ ಆನ್ ಏವನ್‌ಗೆ ಬಂದ ಮೇಲೆ, 1964ರಲ್ಲಿ ಮಾರ್ಕೋಸ್ 1800 ಹೊರಬಂತು. ವೋಲ್ವೊ ಎಂಜಿನ್, ಉದ್ದ ಮೂತಿ, ನೆಲದಿಂದ ಛಾವಣಿಗೆ ಬರೀ 1.1 ಮೀಟರಿನಷ್ಟು ಎತ್ತರ. ಕುರೂಪಿ ಎನ್ನಲು ಯಾರಿಗೂ ಧೈರ್ಯವಿಲ್ಲದಂಥ ಚೆಲುವೆ. ಇದರೊಳಗೆ ಸೀಟು ಹಿಂದೆಮುಂದೆ ಸರಿಯುವುದಿಲ್ಲ. ಒಡಲಿಗೇ ಸೇರಿಕೊಂಡು ಅದರ ಬಿಗಿತಕ್ಕೆ ನೆರವಾಗುತ್ತದೆ. ಸರಿಯುವುದು ಪೆಡಲ್‌ಗಳು! ಎತ್ತರದವರು ಪೆಡಲ್‌ಗಳನ್ನು ದೂರ ತಳ್ಳಿಕೊಳ್ಳಬೇಕು, ಗಿಡ್ಡವರು ಹತ್ತಿರ ಎಳೆದುಕೊಳ್ಳಬೇಕು. ಯಜಮಾನರೇ ಆರಡಿ ಮೀರಿದವರಾದ್ದರಿಂದ ಎತ್ತರದವರ ಕಷ್ಟ ಅಲ್ಲಿ ಮರೆಯುವಂತಿರಲಿಲ್ಲ.

ಈ ಚೆಲುವೆಯ ಹೊರಮೈ ಫೈಬರ್‌ಗ್ಲಾಸ್, ಅಡಿಯಲ್ಲಿರುವುದು ಮಾತ್ರ ಮರವೇ. 1800ರ ಷಾಸಿಯಲ್ಲಿ ಕತ್ತರಿಸಿ ಅಂಟಿಸಿದ ಪ್ಲೈವುಡ್ ತುಂಡುಗಳ ಸಂಖ್ಯೆ 386. ಈ ಅಂಕಿಯನ್ನು ಎರಡು ರೀತಿ ಓದಬಹುದು. ಭಾರೀ ಪ್ರೆಸ್, ಅಚ್ಚು, ವೆಲ್ಡಿಂಗ್ ಯಂತ್ರ ಯಾವುದೂ ಬೇಡ. ಗರಗಸ, ಕ್ಲ್ಯಾಂಪ್, ಅಂಟಿನ ಡಬ್ಬಿ, ನಾಲ್ಕು ಜನ ಒಳ್ಳೆಯ ಬಡಗಿಗಳಿದ್ದರೆ ಕಾರು ಕಂಪನಿ ನಡೆಸಬಹುದು. ಚಿಕ್ಕ ಕಂಪನಿಗೆ ಇದು ವರ. ಆದರೆ ದಿನಕ್ಕೆ ಹೆಚ್ಚು ಕಾರು ಮಾಡಬೇಕು ಎಂದಾಗ ಅದೇ 386 ತುಂಡುಗಳು ಕುತ್ತಿಗೆಗೆ ಬರುತ್ತವೆ. ಅಂಟು ಒಣಗುವವರೆಗೆ ಕಾಯಲೇಬೇಕು. ಅಂಟಿಗೆ ಅವಸರ ಅರ್ಥವಾಗುವುದಿಲ್ಲ.

ಇದರ ಜೊತೆಗೆ ಗಿರಾಕಿಗಳ ಅಳುಕು ಕೂಡಿಕೊಂಡಿತು. ರೇಸ್ ಓಡಿಸುವವನಿಗೆ ಕಾರು ಮರವೋ ಕಬ್ಬಿಣವೋ ಮುಖ್ಯವಲ್ಲ, ಗಡಿಯಾರ ಮುಖ್ಯ. ಅದೇ ಕಾರನ್ನು ಕೈತುಂಬ ದುಡ್ಡು ಕೊಟ್ಟು ಕಚೇರಿಗೆ ಓಡಿಸಲು ಕೊಳ್ಳುವವನು ಬೇರೆ. ಅವನಿಗೆ ಮರ ಅಂದಕೂಡಲೇ ಗೆದ್ದಲು, ಕೊಳೆ, ಬೆಂಕಿ ನೆನಪಾಗುತ್ತವೆ. ಉಕ್ಕಿನ ಕಾರುಗಳು ಇಂಗ್ಲೆಂಡಿನ ಚಳಿಗಾಲದಲ್ಲಿ ರಸ್ತೆಗೆ ಸುರಿದ ಉಪ್ಪಿಗೆ ತುಕ್ಕು ಹಿಡಿದು ಹತ್ತೇ ವರ್ಷಕ್ಕೆ ತೂತಾಗುತ್ತಿದ್ದ ಕಾಲ ಅದು. ಆ ತೂತು ಮಾತ್ರ ಯಾರಿಗೂ ಭಯ ಹುಟ್ಟಿಸಲಿಲ್ಲ. ಅಭ್ಯಾಸವಾದ ದೋಷಕ್ಕೆ ಕ್ಷಮೆ ಇದೆ, ಅಪರಿಚಿತ ಗುಣಕ್ಕೆ ಇಲ್ಲ. 1969ರಲ್ಲಿ ಮಾರ್ಕೋಸ್ ಪ್ಲೈವುಡ್ ಷಾಸಿ ಕೈಬಿಟ್ಟು ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬದಲಾಯಿತು. ಹೊರಗಿನ ರೂಪ ಕೂದಲೆಳೆಯಷ್ಟೂ ಬದಲಾಗಲಿಲ್ಲ; ಒಳಗೆ ಏನಿದೆ ಎಂದು ತಿಳಿಯಬೇಕಾದರೆ ಬಗ್ಗಿ ನೋಡಬೇಕಿತ್ತು. ಎರಡೇ ವರ್ಷದಲ್ಲಿ, 1971ರಲ್ಲಿ, ಕಂಪನಿ ದಿವಾಳಿಯಾಯಿತು. 1981ರಲ್ಲಿ ಮಾರ್ಷ್ ಮತ್ತೆ ಹೆಸರನ್ನು ಎಬ್ಬಿಸಿದರು, ಅದು ಬೇರೆ ಕಥೆ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ‘ಮರದ ಷಾಸಿಯ ಕಾರು’ ಎಂದೊಡನೆ ಬಹಳ ಜನ ಮಾರ್ಗನ್ ಎನ್ನುತ್ತಾರೆ. ಮಾರ್ಗನ್ ಕಾರಿನಲ್ಲಿ ಆಶ್ ಮರ ಇರುವುದು ಬಾಡಿಯ ತಗಡಿಗೆ ಆಧಾರವಾಗಿ, ಷಾಸಿ ಲೋಹದ್ದೇ. ಮರದ ಮೇಲೇ ಇಡೀ ಕಾರು ನಿಂತದ್ದು ಮಾರ್ಕೋಸ್‌ನಲ್ಲಿ. ಹಾಗೆಯೇ 1966ರ ಲೆ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ಕೊನೆ ಮುಟ್ಟಿದ ಏಕೈಕ ಬ್ರಿಟಿಷ್ ಕಾರು ಎಂಬ ಹೆಸರು ಗಳಿಸಿ 15ನೆಯದಾಗಿ ಬಂದ, ಇದೇ ಕಂಪನಿಯ ಪುಟ್ಟ ಕಾರು ಮಿನಿ ಮಾರ್ಕೋಸ್ ಮರದ್ದಲ್ಲ. ಅದು ಪೂರ್ತಿ ಫೈಬರ್‌ಗ್ಲಾಸ್ ಒಡಲು. ಹೊರಚಿಪ್ಪೇ ಭಾರ ಹೊರಬೇಕು ಎಂಬ ಹಟ ಮಾತ್ರ ಎರಡಕ್ಕೂ ಒಂದೇ.

ಕಾಸ್ಟಿನ್ ಮರವನ್ನು ಬಿಡಲಿಲ್ಲ. 1960ರ ದಶಕದ ನಡುವೆ ರೋಜರ್ ನಾಥನ್ ಜೊತೆ ಕಾಸ್ಟಿನ್ ನಾಥನ್ ಎಂಬ ರೇಸ್ ಕಾರು, 1967ರಲ್ಲಿ ಪ್ರೋಟೋಸ್ ಎಂಬ ಫಾರ್ಮುಲಾ ಟೂ ಕಾರು, 1970ರ ಆಸುಪಾಸಿನಲ್ಲಿ ಅಮಿಗೊ ಎಂಬ ರಸ್ತೆ ಕಾರು. ಎಲ್ಲದರ ಬೆನ್ನೆಲುಬೂ ಪ್ಲೈವುಡ್ಡೇ. ಯಾವುದೂ ಸಂಖ್ಯೆಯಲ್ಲಿ ಬೆಳೆಯಲಿಲ್ಲ. ಅವರು ತೀರಿಕೊಂಡದ್ದು 1995ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಫಾರ್ಮುಲಾ ಒನ್ ನಿಯಮಗಳು ಪ್ರತಿ ಕಾರಿನ ಅಡಿಗೆ ಒಂದು ಮರದ ಹಲಗೆ ಕಡ್ಡಾಯ ಮಾಡಿದ್ದವು. ಕಾರು ನೆಲಕ್ಕೆ ಅತಿಯಾಗಿ ತಗ್ಗದಿರಲೆಂದು 10 ಮಿಲಿಮೀಟರ್ ದಪ್ಪದ, ಬೀಚ್ ಮರದ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಹಲಗೆ. ರೇಸ್ ಮುಗಿದಾಗ ಒಂದು ಮಿಲಿಮೀಟರಿಗಿಂತ ಹೆಚ್ಚು ಸವೆದಿದ್ದರೆ ಕಾರು ಅನರ್ಹ. 2023ರ ಅಮೆರಿಕ ಗ್ರಾಂಡ್‌ಪ್ರಿಯಲ್ಲಿ ಲೂಯಿಸ್ ಹ್ಯಾಮಿಲ್ಟನ್ ಮತ್ತು ಚಾರ್ಲ್ಸ್ ಲೆಕ್ಲೇರ್ ಇಬ್ಬರೂ ಸ್ಥಾನ ಕಳೆದುಕೊಂಡದ್ದು ಈ ಹಲಗೆ ಸವೆದದ್ದಕ್ಕೆ.

ಇನ್ನು ಮೇಸ್ತ್ರಿಯ ಪ್ರಶ್ನೆ: ಮಳೆ ಬಂದರೆ? ಮಳೆ ಬಂದು ಹೋದರೆ ಏನೂ ಆಗುವುದಿಲ್ಲ. ಮರ ಕೊಳೆಯುವುದು ನೀರು ಬಿದ್ದದ್ದರಿಂದಲ್ಲ, ನಿಂತದ್ದರಿಂದ. ಹಾಗಾಗಿ ಹಳೆಯ ಮಾರ್ಕೋಸ್ ನೋಡಲು ಹೋದವರು ಹೊಳೆಯುವ ಬಣ್ಣ ನೋಡುವುದಿಲ್ಲ, ಮಂಡಿಯೂರಿ ಅಡಿ ನೋಡುತ್ತಾರೆ. ನೆಲದ ಹಲಗೆಯ ಮೂಲೆ, ಚಕ್ರ ಸಿಡಿಸಿದ ಕೆಸರು ಕೂರುವ ಜಾಗ, ಹಿಂದಿನ ಗೋಡೆಯ ಬುಡ. ಸಸ್ಪೆನ್ಷನ್ ಕೂರಿಸಿದ ಬೋಲ್ಟುಗಳ ಸುತ್ತಮುತ್ತ ಇನ್ನೂ ಎಚ್ಚರ ಬೇಕು. ಮರ ಒಂದೇ ಬಿಂದುವಿನ ಮೇಲೆ ಬೀಳುವ ಬಲ ತಾಳುವುದಿಲ್ಲ. ಅದಕ್ಕೇ ಅಲ್ಲಿ ಲೋಹದ ಪಟ್ಟಿ ಇಟ್ಟು ಭಾರವನ್ನು ಹರಡಬೇಕು. ಯಾರೋ ಹಿಂದಿನ ಮಾಲೀಕ ಅವಸರದಲ್ಲಿ ಹೊಸದಾಗಿ ತೂತು ಕೊರೆದು, ಕೊರೆದ ಅಂಚಿಗೆ ವಾರ್ನಿಷ್ ಹಚ್ಚದೆ ಬಿಟ್ಟಿದ್ದರೆ ನೀರು ಅಲ್ಲಿಂದಲೇ ಎಳೆಗಳೊಳಗೆ ಇಳಿದಿರುತ್ತದೆ. ಗೆಣ್ಣಿನಿಂದ ತಟ್ಟುತ್ತ ಹೋಗಬೇಕು. ಗಟ್ಟಿ ಮರ ‘ಟಕ್’ ಎನ್ನುತ್ತದೆ, ಕೊಳೆತದ್ದು ಒದ್ದೆ ರಟ್ಟಿನಂತೆ ‘ದಬ’ ಎನ್ನುತ್ತದೆ.

ಕೆಟ್ಟ ಭಾಗ ಸಿಕ್ಕರೆ ಆ ಭಾಗವನ್ನಷ್ಟೇ ಕತ್ತರಿಸಿ, ಅಂಚನ್ನು ಓರೆಯಾಗಿ ಕೀಸಿ, ಹೊಸ ಬರ್ಚ್ ಪ್ಲೈವುಡ್ ಕೂರಿಸಬಹುದು, ವೆಲ್ಡಿಂಗ್ ಬೇಕಿಲ್ಲ. ಎಷ್ಟು ದೂರಕ್ಕೆ ಕತ್ತರಿಸಬೇಕು ಎನ್ನುವುದನ್ನು ತೀರ್ಮಾನಿಸುವುದೂ ಹಳೆಯ ಅಂಟೇ. ಬಿಚ್ಚಿದ ಜೋಡಣೆಯ ಎರಡು ಮೈಗಳನ್ನು ಬೆಳಕಿಗೆ ಹಿಡಿಯುತ್ತಾರೆ. ಅಂಟಿನ ಮೇಲೆ ಮರದ ಎಳೆಗಳು ಹರಿದು ಕಿತ್ತುಕೊಂಡು ಬಂದಿದ್ದರೆ ಅಂಟು ಇನ್ನೂ ಮರಕ್ಕಿಂತ ಗಟ್ಟಿ ಎಂದರ್ಥ, ಕೆಲಸ ಅಲ್ಲಿಗೆ ನಿಲ್ಲಿಸಬಹುದು. ಗಾಜಿನಂತೆ ನುಣ್ಣಗೆ, ಒಂದೆಳೆಯೂ ಅಂಟದೆ ಬಿಟ್ಟುಕೊಂಡಿದ್ದರೆ ಅದರ ಪಕ್ಕದ ಜೋಡಣೆಯನ್ನೂ ಬಿಚ್ಚುತ್ತಾರೆ.